ನಿರ್ಬಂಧದ ದಿನಗಳಲ್ಲಿ ಔಟಿಂಗ್: ಹೂಂ ಅನ್ನುವ ಮುಂಚೆ...

‘ಅತ್ತಿಗೆ, ಭಾನುವಾರ ಬೆಳಗಿನ ಜಾವ ನಾಲ್ಕಕ್ಕೇ ಹೊರಟುಬಿಡೋಣ. ಸೂರ್ಯೋದಯ ನೋಡಿಕೊಂಡು ಹತ್ತು ಗಂಟೆಗೆಲ್ಲಾ ವಾಪಸ್. ಬಯಲಲ್ಲಿ ಯಾವ ಕೊರೊನಾ ಬರುತ್ತೆ ಹೇಳಿ?’

2021ರ ಜುಲೈನಲ್ಲಿ ಇಂಥದ್ದೊಂದು ಫೋನು ನಿಮಗೂ ಬಂದಿರಬಹುದು. ಮೈದುನನೋ, ತಮ್ಮನೋ, ಪಕ್ಕದ ಮನೆಯವರೋ, ಯಾರಾದರೊಬ್ಬರು ಕಾರು ರೆಡಿ ಇಟ್ಟುಕೊಂಡು ಕರೆದೇ ಕರೆದಿರುತ್ತಾರೆ. ಮಕ್ಕಳು ಆಗಲೇ ಕುಣಿಯೋಕೆ ಶುರು. ಹೂಂ ಅಂದರೆ ಒಂದು ಭಯ, ಬೇಡ ಅಂದರೆ ‘ಯಾವಾಗಲೂ ನಿಂದು ಇದೇ ಆಯ್ತು’ ಅನ್ನೋ ಮಾತು!

ಆ ತಿಂಗಳು ಏನಾಯಿತು ಅಂತ ನೆನಪಿಸಿಕೊಳ್ಳಿ. ಏಪ್ರಿಲ್ ಕೊನೆಯಿಂದ ಬಾಗಿಲು ಹಾಕಿಕೊಂಡು ಕೂತಿದ್ದ ಜನ. ಜುಲೈ 5ರಿಂದ ನಿರ್ಬಂಧ ಸಡಿಲವಾಯಿತು. ಅಷ್ಟೇ ಸಾಕಿತ್ತು. ವಾರಾಂತ್ಯ ಬಂತೆಂದರೆ ನಂದಿಬೆಟ್ಟದ ದಾರಿಯುದ್ದಕ್ಕೂ ಕಾರು, ಬೈಕುಗಳ ಸಾಲು. ಸೂರ್ಯೋದಯ ನೋಡಲು ಹೋದವರಲ್ಲಿ ಎಷ್ಟೋ ಮಂದಿ ಮುಂದಿನ ಕಾರಿನ ಕೆಂಪು ದೀಪ ನೋಡಿಕೊಂಡು ಬಂದರು. ಕೊನೆಗೆ ಚಿಕ್ಕಬಳ್ಳಾಪುರ ಜಿಲ್ಲಾಡಳಿತ ಶನಿವಾರ, ಭಾನುವಾರ ಬೆಟ್ಟಕ್ಕೆ ಪ್ರವೇಶವನ್ನೇ ನಿಲ್ಲಿಸಿತು. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯಲ್ಲೂ ಇದೇ ಕತೆ, ಅಲ್ಲಿಯೂ ವಾಹನಗಳಿಗೆ ಮಿತಿ ಹಾಕಬೇಕಾಯಿತು.

ಈಗ್ಯಾಕೆ ಈ ಮಾತು ಅಂತೀರಾ? ಕೋವಿಡ್ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಹೇಳಿದ್ದು ನಿಜ. ಆದರೆ ಅದೇ ವರ್ಷ ಸೆಪ್ಟೆಂಬರಿನಲ್ಲಿ ಕೇರಳದ ಕೋಯಿಕ್ಕೋಡಿನಲ್ಲಿ ನಿಫಾ ಕಾಣಿಸಿಕೊಂಡಾಗ, ಆ ಕಡೆಗೆ ಅನಗತ್ಯ ಪ್ರಯಾಣ ಬೇಡವೆಂದು ನಮ್ಮ ರಾಜ್ಯ ಸರ್ಕಾರವೇ ಸೂಚನೆ ಕೊಟ್ಟಿತು. ಡಿಸೆಂಬರಿನಲ್ಲಿ ಅರವತ್ತು ದಾಟಿದವರು ಮಾಸ್ಕ್ ಹಾಕಿಕೊಳ್ಳಿ ಅಂತು. ಇಂಥ ದಿನಗಳು ಇನ್ನು ಬರೋದೇ ಇಲ್ಲ ಅಂತ ಯಾರೂ ಬರೆದುಕೊಟ್ಟಿಲ್ಲ. ಬಂದಾಗ ಗಾಬರಿಯಲ್ಲಿ ತೀರ್ಮಾನ ಮಾಡುವ ಬದಲು ಈಗಲೇ ನಾಲ್ಕು ವಿಷಯ ತಿಳಿದಿರಲಿ.

<b>ಆಸೆ ಪಡೋದು ತಪ್ಪಲ್ಲ</b>

ಮೊದಲಿಗೇ ಹೇಳಿಬಿಡೋಣ. ಹೊರಗೆ ಹೋಗಬೇಕು ಅನ್ನಿಸೋದು ಷೋಕಿಯಲ್ಲ. ಲಾಕ್‌ಡೌನ್ ದಿನಗಳಲ್ಲಿ ಯಜಮಾನರಿಗೆ ಮನೆಯೇ ಆಫೀಸಾಯಿತು, ಮಕ್ಕಳಿಗೆ ಮನೆಯೇ ಶಾಲೆಯಾಯಿತು. ಗೃಹಿಣಿಗೆ? ಕೆಲಸದವರು ಬರುವಂತಿಲ್ಲ, ಮೂರು ಹೊತ್ತೂ ಅಡುಗೆ, ನಡುವೆ ನಾಲ್ಕು ಸಲ ಕಾಫಿ, ರಾಶಿ ಪಾತ್ರೆ. ಮೊದಲಾದರೆ ಮಧ್ಯಾಹ್ನ ಎಲ್ಲರೂ ಹೊರಗೆ ಹೋದ ಮೇಲೆ ಎರಡು ಗಂಟೆ ನಿಮ್ಮದಾಗಿರುತ್ತಿತ್ತು. ಅದೂ ಹೋಯಿತು. ಹಸಿರು ನೋಡಬೇಕು, ಒಂದಿಷ್ಟು ದೂರ ಸುಮ್ಮನೆ ನಡೆಯಬೇಕು ಅನ್ನಿಸದೇ ಇದ್ದರೆ ಆಶ್ಚರ್ಯ!

ರೋಗ ಬಂದಾಗ ಬಯಲಿಗೆ ಹೋಗೋದು ನಮ್ಮ ಹಿರಿಯರಿಗೂ ಗೊತ್ತಿದ್ದ ಮಾತೇ. ‘ಪ್ಲೇಗ್ ಮಾರಿ ಬಂದಾಗ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕ್ಕೊಂಡಿದ್ವಿ’ ಅಂತ ಹೇಳುತ್ತಿದ್ದ ಅಜ್ಜಿಯರು ಎಷ್ಟು ಮನೆಗಳಲ್ಲಿರಲಿಲ್ಲ! 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಇಕ್ಕಟ್ಟಾದ ಪೇಟೆ ಬಿಟ್ಟು ಜನ ಊರ ಹೊರಗೆ ಹೋದರು. ಗಾಳಿ ಬೆಳಕಿನ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು ಆ ಹೊಡೆತದ ನಂತರವೇ. ಆದರೆ ಗಮನಿಸಿ, ಆಗ ಹೊಲಕ್ಕೆ ಹೋದವರು ರೋಗ ಇಳಿಯುವ ತನಕ ಅಲ್ಲೇ ಇದ್ದರು. ಬೆಳಿಗ್ಗೆ ಹೋಗಿ, ದಾರಿಯಲ್ಲಿ ಮೂರು ಹೋಟೆಲ್ ಹತ್ತಿ ಇಳಿದು, ರಾತ್ರಿ ಮನೆ ಸೇರಲಿಲ್ಲ.

<b>ಅಪಾಯ ಬೆಟ್ಟದ ಮೇಲಿಲ್ಲ</b>

‘ಬಯಲಲ್ಲಿ ಯಾವ ಕೊರೊನಾ’ ಅನ್ನುವ ಮೈದುನನ ಮಾತಿನಲ್ಲಿ ಅರ್ಧ ಸತ್ಯವಿದೆ. ಕೋವಿಡ್‌ನಂಥ ಉಸಿರಾಟದ ಸೋಂಕು ಮುಚ್ಚಿದ ಜಾಗದಲ್ಲಿ ಹರಡುವಷ್ಟು ಸುಲಭವಾಗಿ ತೆರೆದ ಜಾಗದಲ್ಲಿ ಹರಡೋದಿಲ್ಲ. ಗಾಳಿ ಅದನ್ನು ಚದುರಿಸಿಬಿಡುತ್ತದೆ. ಬೆಟ್ಟದ ಮೇಲೆ ನಿಮ್ಮಷ್ಟಕ್ಕೆ ನೀವು ಅರ್ಧ ಗಂಟೆ ಕೂತರೆ ಭಯಪಡಬೇಕಾದ್ದು ಕಡಿಮೆ.

ಉಳಿದ ಅರ್ಧ? ಅದು ದಾರಿಯಲ್ಲಿದೆ. ಎರಡು ಮನೆಯ ಏಳು ಜನ ಒಂದೇ ಕಾರಿನಲ್ಲಿ, ಗಾಜು ಏರಿಸಿ, ಏಸಿ ಹಾಕಿ, ಅಂತ್ಯಾಕ್ಷರಿ ಹಾಡಿಕೊಂಡು ಎರಡು ಗಂಟೆ ಹೋಗ್ತೀರಿ. ಜೋರಾಗಿ ಹಾಡಿದಾಗ, ನಕ್ಕಾಗ ಬಾಯಿಂದ ಹೊರಬೀಳುವ ಹನಿಗಳು ಹೆಚ್ಚು. ಸೋಂಕಿದ್ದವರಿಗೆ ಲಕ್ಷಣ ಕಾಣಿಸುವ ಒಂದೆರಡು ದಿನ ಮೊದಲೇ ಅವರಿಂದ ಬೇರೆಯವರಿಗೆ ದಾಟಬಹುದು. ಆದ್ದರಿಂದ ‘ನಮ್ಮವರೇ ಅಲ್ವಾ, ಯಾರಿಗೂ ಜ್ವರ ಇಲ್ಲ’ ಅನ್ನೋ ಸಮಾಧಾನ ಉಪಯೋಗಕ್ಕೆ ಬರೋದಿಲ್ಲ. ಆಮೇಲೆ ತಿಂಡಿಗೆ ನಿಲ್ಲಿಸಿದ ಹೋಟೆಲು. ಊಟ ಮಾಡುವಾಗ ಮಾಸ್ಕ್ ತೆಗೆಯಲೇಬೇಕು, ಅದೂ ನಾಲ್ಕು ಗೋಡೆಗಳ ನಡುವೆ, ಅಪರಿಚಿತರ ಪಕ್ಕದಲ್ಲಿ. ಟಿಕೆಟ್ ಕೌಂಟರಿನ ನೂಕುನುಗ್ಗಲು, ಟಾಯ್ಲೆಟ್ಟಿನ ಕ್ಯೂ ಬೇರೆ.

ಹಾಗಾಗಿ ‘ಎಲ್ಲಿಗೆ ಹೋಗೋಣ’ ಅಂತ ಕೇಳುವ ಮುಂಚೆ ‘ಯಾರ ಜೊತೆ, ಯಾವುದರಲ್ಲಿ, ಎಲ್ಲಿ ತಿಂದುಕೊಂಡು’ ಅಂತ ಕೇಳಿ. ಒಂದೇ ಮನೆಯವರು ಒಂದೇ ಗಾಡಿಯಲ್ಲಿ ಹೋಗಿ. ಇನ್ನೊಂದು ಮನೆಯವರು ಅವರ ಗಾಡಿಯಲ್ಲಿ ಬರಲಿ. ಕಾರಿನ ಗಾಜು ಇಳಿಸಿರಲಿ. ಧೂಳು ಬರುತ್ತೆ ನಿಜ, ತಲೆಗೊಂದು ಸ್ಕಾರ್ಫ್ ಕಟ್ಟಿಕೊಂಡರಾಯಿತು.

<b>ಆ ಊರಿನವರೂ ಮನುಷ್ಯರೇ</b>

ನಾವು ಪಟ್ಟಣದವರು ಸಾಮಾನ್ಯವಾಗಿ ಮರೆಯುವ ಸಂಗತಿ ಇದು. 2021ರ ಜುಲೈ 5ರ ಸಡಿಲಿಕೆ ರಾಜ್ಯಕ್ಕೆಲ್ಲ ಬಂದಾಗ ಕೊಡಗಿಗೆ ಮಾತ್ರ ಬರಲಿಲ್ಲ. ಅಲ್ಲಿ ಸೋಂಕು ಇನ್ನೂ ಇಳಿದಿರಲಿಲ್ಲ. ‘ಬುಕ್ಕಿಂಗ್ ಹಾಳಾಯ್ತು’ ಅಂತ ಗೊಣಗಿದವರು ಬಹಳ. ಆದರೆ ಗುಡ್ಡಗಾಡು ಜಿಲ್ಲೆಯಲ್ಲಿ ದೊಡ್ಡಾಸ್ಪತ್ರೆ ಅಂದರೆ ಮಡಿಕೇರಿಗೋ, ಅದೂ ಸಾಲದೆ ಹೋದರೆ ಮೈಸೂರು, ಮಂಗಳೂರಿಗೋ ಓಡಬೇಕು. ಮಳೆಗಾಲದ ಘಾಟಿ ರಸ್ತೆಯಲ್ಲಿ ಉಸಿರು ಕಟ್ಟಿದವರನ್ನು ಕೂರಿಸಿಕೊಂಡು ಹೋಗೋದನ್ನು ಊಹಿಸಿಕೊಳ್ಳಿ. ಅದೇ ವರ್ಷ ಮೇ ತಿಂಗಳಲ್ಲಿ ಚಾಮರಾಜನಗರದಂಥ ಸಣ್ಣ ಜಿಲ್ಲೆಯಲ್ಲಿ ಆಕ್ಸಿಜನ್ ಕೊರತೆಯಿಂದ ಏನಾಯಿತು ಅನ್ನೋದನ್ನು ಇಡೀ ನಾಡು ನೋಡಿದೆ.

ಹೋಂ ಸ್ಟೇಯಲ್ಲಿ ನಿಮಗೆ ಬಿಸಿಬಿಸಿ ಕಡುಬು ಮಾಡಿ ಬಡಿಸುವಾಕೆಗೂ ಮನೆಯಲ್ಲಿ ವಯಸ್ಸಾದ ಅತ್ತೆ ಇರುತ್ತಾರೆ. ಪ್ರವಾಸಿಗರು ಬಾರದಿದ್ದರೆ ಆಕೆಗೆ ಸಂಬಳವಿಲ್ಲ, ಬಂದರೆ ಭಯ. ‘ಬನ್ನಿ ಬನ್ನಿ’ ಅಂತ ಫೋನಿನಲ್ಲಿ ಕರೆಯುವವರು ಮಾಲೀಕರು, ಹಾಸಿಗೆ ಬಟ್ಟೆ ಒಗೆಯುವವರು ಬೇರೆ. ಹೋಗಲೇಬೇಕಾದರೆ ನಿರ್ಬಂಧ ತೆರವಾದ ಮೇಲೆ, ಒಂದೆರಡು ವಾರ ಕಾದು, ವಾರದ ಮಧ್ಯದ ದಿನ ಹೋಗಿ. ಮುಂಗಡ ಕೊಟ್ಟಿದ್ದರೆ ವಾಪಸ್ ಕೇಳುವ ಬದಲು ದಿನಾಂಕ ಮುಂದೆ ಹಾಕಿಸಿಕೊಳ್ಳಿ. ನಿಮಗೂ ನಷ್ಟವಿಲ್ಲ, ಅವರಿಗೂ ಕೈಗೊಂದಿಷ್ಟು ಕಾಸು ಉಳಿಯುತ್ತದೆ.

<b>ವಾಟ್ಸ್‌ಆ್ಯಪ್ ನಂಬಬೇಡಿ, ಆದೇಶ ನೋಡಿ</b>

ಆ ಜುಲೈನಲ್ಲಿ ನಾಲ್ಕಕ್ಕೆ ಹೊರಡೋಣ ಅಂದವರು ಒಂದು ವಿಷಯ ಮರೆತಿದ್ದರು. ಆಗ ಬೆಳಿಗ್ಗೆ 5ರವರೆಗೆ ರಾತ್ರಿ ಕರ್ಫ್ಯೂ ಇತ್ತು! ಆಗಸ್ಟ್‌ನಲ್ಲಿ ಕೇರಳ, ಮಹಾರಾಷ್ಟ್ರದ ಗಡಿಗೆ ಹೊಂದಿಕೊಂಡ ಮೈಸೂರು, ಕೊಡಗು, ದಕ್ಷಿಣ ಕನ್ನಡ, ಬೆಳಗಾವಿ ಮೊದಲಾದ ಎಂಟು ಜಿಲ್ಲೆಗಳಲ್ಲಿ ವಾರಾಂತ್ಯ ಕರ್ಫ್ಯೂ ಬಂತು. ಬೆಂಗಳೂರಿನಲ್ಲಿ ಇಲ್ಲ, ಮೈಸೂರಿನಲ್ಲಿ ಇದೆ. 2022ರ ಜನವರಿಯಲ್ಲಿ ಮತ್ತೆ ಇಡೀ ರಾಜ್ಯಕ್ಕೇ ಶನಿವಾರ, ಭಾನುವಾರ ಬಂದ್. ಹೊರಡುವ ಊರಿನ ನಿಯಮ ಒಂದು, ದಾರಿಯದು ಒಂದು, ಹೋಗುವ ಊರಿನದು ಇನ್ನೊಂದು. ಜಿಲ್ಲಾಧಿಕಾರಿಗಳು ಶುಕ್ರವಾರ ಸಂಜೆ ಹೊರಡಿಸಿದ ಆದೇಶ ಶನಿವಾರದ ಪೇಪರಿನಲ್ಲಿರುತ್ತದೆ, ನೀವಾಗಲೇ ಗಾಡಿ ಹತ್ತಿರುತ್ತೀರಿ. ಹಿಂದಿನ ದಿನ ಸಂಜೆ ಆ ಜಿಲ್ಲೆಯ ಸಹಾಯವಾಣಿಗೋ, ಅರಣ್ಯ ಇಲಾಖೆಗೋ ಒಂದು ಫೋನ್ ಮಾಡಿಸಿ. ಚೆಕ್‌ಪೋಸ್ಟಿನಲ್ಲಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಪೊಲೀಸರ ಹತ್ತಿರ ‘ಬಿಡಿ ಸಾರ್’ ಅನ್ನುವ ಪಾಡು ತಪ್ಪುತ್ತದೆ.

<b>ಕಾಲ್ನಡಿಗೆಯ ದೂರದಲ್ಲೇ...</b>

ನಿಜಕ್ಕೂ ನಿಮಗೆ ಬೇಕಾದ್ದು ನಂದಿಬೆಟ್ಟವೇ, ಇಲ್ಲಾ ಒಂದಿಷ್ಟು ಬಯಲು ಗಾಳಿಯೇ? ಗಾಳಿಯಾದರೆ ಹತ್ತಿರದಲ್ಲೇ ಇದೆ. 2021ರ ಜೂನ್ 14ರಿಂದ ಬೆಂಗಳೂರಿನಲ್ಲಿ ಬೆಳಿಗ್ಗೆ 5ರಿಂದ 10ರವರೆಗೆ ಪಾರ್ಕುಗಳನ್ನು ವಾಕಿಂಗಿಗೆ ತೆರೆದಾಗ, ಐದೂವರೆಗೆ ಹೋದವರಿಗೆ ಜಾಗವೋ ಜಾಗ. ಏಳೂವರೆಗೆ ಹೋದವರಿಗೆ ಜಾತ್ರೆ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ ಏರಿ ಇದೆ, ಹುಬ್ಬಳ್ಳಿಯವರಿಗೆ ಉಣಕಲ್ ಕೆರೆ ಇದೆ. ಏನೂ ಇಲ್ಲದಿದ್ದರೆ ತಾರಸಿ ಇದ್ದೇ ಇದೆ. ಬೆಳದಿಂಗಳ ರಾತ್ರಿ ಚಾಪೆ ಹಾಸಿ ಕೈತುತ್ತು ಹಾಕಿ ನೋಡಿ, ಮಕ್ಕಳು ಮೊಬೈಲು ಕೇಳುತ್ತಾರಾ ಅಂತ!

ಸ್ವಲ್ಪ ದೂರ ಹೋಗುವುದಾದರೆ ಅರ್ಧ ದಿನದಲ್ಲಿ ಮುಗಿಯುವಷ್ಟೇ ದೂರ ಆರಿಸಿಕೊಳ್ಳಿ. ಇದಕ್ಕೆ ಹೆಂಗಸರಿಗೆ ಮಾತ್ರ ಅರ್ಥವಾಗುವ ಕಾರಣವೊಂದಿದೆ, ಟಾಯ್ಲೆಟ್. ಹೋಟೆಲುಗಳು ಮುಚ್ಚಿದ್ದರೆ ಇಡೀ ದಿನ ನೀರೇ ಕುಡಿಯದೆ ಕೂರುವವರು ನಾವೇ. ಆಮೇಲೆ ಉರಿಮೂತ್ರ ಅಂತ ಡಾಕ್ಟರ ಹತ್ತಿರ ಓಡುವವರೂ ನಾವೇ. ಬುತ್ತಿಗೆ ಪುಳಿಯೋಗರೆ, ಚಪಾತಿ, ಒಣ ಪಲ್ಯ ಸಾಕು. ಫ್ಲಾಸ್ಕಿನಲ್ಲಿ ಕಾಫಿ, ಒಂದು ಕ್ಯಾನ್ ನೀರು, ಸೋಪು, ಕಸಕ್ಕೊಂದು ಚೀಲ. ಇಷ್ಟನ್ನೂ ನೀವೊಬ್ಬರೇ ಮೂರು ಗಂಟೆಗೆ ಎದ್ದು ಮಾಡಬೇಡಿ ಮತ್ತೆ! ಹಾಗೆ ಮಾಡಿದರೆ ಅದು ಔಟಿಂಗ್ ಅಲ್ಲ, ಬೆಟ್ಟದ ಮೇಲಿನ ಅಡುಗೆಮನೆ. ಚಪಾತಿ ನೀವು ಮಾಡಿದರೆ ಪಲ್ಯಕ್ಕೆ ತರಕಾರಿ ಯಜಮಾನರು ಹೆಚ್ಚಲಿ. ಬಂದ ಮೇಲೆ ಡಬ್ಬಿ ತೊಳೆಯೋದು ಮಕ್ಕಳ ಪಾಲು.

ಮನೆಯಲ್ಲಿ ಅತ್ತೆ, ಮಾವ ಇದ್ದಾರಾ? ಸಕ್ಕರೆ ಕಾಯಿಲೆ, ಬಿ.ಪಿ. ಇದೆಯಾ? ಹಾಗಾದರೆ ಲೆಕ್ಕ ಬೇರೆ. ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಿಸಲು ಎರಡರಿಂದ ಹದಿನಾಲ್ಕು ದಿನ ಬೇಕಾಗಬಹುದು ಅಂತ ಕೋವಿಡ್ ಕಾಲದಲ್ಲಿ ಹೇಳುತ್ತಿದ್ದರು. ಜನಜಂಗುಳಿಯಿದ್ದ ಕಡೆ ಹೋಗಿ ಬಂದಿದ್ದರೆ ಆ ದಿನಗಳಲ್ಲಿ ಹಿರಿಯರ ಕೋಣೆಯ ಕಿಟಕಿ ತೆಗೆದಿರಲಿ, ಅವರ ಹತ್ತಿರ ಹೋಗುವಾಗ ಮಾಸ್ಕ್ ಇರಲಿ, ಮೊಮ್ಮಕ್ಕಳು ಅಜ್ಜಿಯ ಮಗ್ಗುಲಲ್ಲಿ ಮಲಗೋದು ಬೇಡ. ಯಾರಿಗಾದರೂ ಜ್ವರ ಬಂದರೆ ಹಗಲು ರಾತ್ರಿ ಗಂಜಿ ಕಾಯಿಸಿ ಕೊಡುವವರು ಕಾರು ಓಡಿಸಿದವರಲ್ಲ, ನೀವು. ಹಾಗಿದ್ದ ಮೇಲೆ ಹೋಗಬೇಕೋ ಬೇಡವೋ ಅನ್ನೋದರಲ್ಲಿ ನಿಮ್ಮ ಮಾತಿಗೇ ತೂಕ ಜಾಸ್ತಿ ಇರಬೇಕಾದ್ದು ನ್ಯಾಯ.

ಇನ್ನು ಮೈದುನನಿಗೆ ಏನು ಹೇಳೋದು? ಮುಖ ಸಿಂಡರಿಸಿ ‘ಬರಲ್ಲ’ ಅಂದರೆ ವರ್ಷಗಟ್ಟಲೆ ಮಾತು ಉಳಿಯುತ್ತದೆ. ಹೀಗೆ ಹೇಳಿ ನೋಡಿ: ‘ಭಾನುವಾರ ಬೇಡಪ್ಪ, ಬುಧವಾರ ಬೆಳಿಗ್ಗೆ ಕೆರೆ ಹತ್ತಿರ ಹೋಗೋಣ. ನೀವು ನಿಮ್ಮ ಗಾಡೀಲಿ ಬನ್ನಿ, ನಾವು ನಮ್ಮ ಗಾಡೀಲಿ ಬರ್ತೀವಿ. ತಿಂಡಿ ನಂದು, ಕಾಫಿ ನಿನ್ನ ಹೆಂಡತೀದು.’