ಹದಿನಾರು ಮನೆ, ಒಂದು ಕುದುರೆ

ನಮ್ಮ ಕನ್ನೊಳ್ಳಿಯಲ್ಲಿ ಚೌಕಾಬಾರಕ್ಕೆ ಕೂತವರು ಕವಡೆ ಎಸೆಯುವ ಮೊದಲು ಕರಾರು ಮಾಡಿಕೊಳ್ಳುತ್ತಾರೆ. ಎದುರಾಳಿಯ ಕಾಯಿ ಕಡಿಯದೆ ಒಳಸುತ್ತಿಗೆ ಹೋಗಬಹುದೇ? ಜೋಡಿ ಕಾಯಿಯನ್ನು ಒಂಟಿ ಕಾಯಿ ಕಡಿಯಬಹುದೇ? ಓಣಿಗೊಂದು ಕರಾರು. ಕರಾರು ಬದಲಾದರೆ ಅದೇ ಮಣೆಯ ಮೇಲೆ ಬೇರೆಯೇ ಆಟ.

ನಾನು ಗಣಿತ ಕಲಿಸಿ ನಿವೃತ್ತನಾದವನು. ಸಂಜೆ ಕಟ್ಟೆಯ ಮೇಲೆ ಕೂತು ಪತ್ರಿಕೆಯ ಸುಡೊಕು ಬಿಡಿಸುವಾಗ ಓಣಿಯ ಹುಡುಗರು ಸುತ್ತ ಸೇರುತ್ತಾರೆ. ಒಂದು ದಿನ ಒಬ್ಬ ಹುಡುಗಿ ಕೇಳಿದಳು: ‘ಸರ, ಇದಕ್ಕ ನಮ್ಮ ಕರಾರು ಹಾಕಬಾರದೇನ್ರಿ?’ ಅಷ್ಟು ವರ್ಷ ಪಾಠ ಮಾಡಿದ ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಅಂದಿನಿಂದ ನಾವು ಸುಡೊಕು ಬಿಡಿಸುವುದರ ಜೊತೆಗೆ ಕಟ್ಟಲೂ ತೊಡಗಿದೆವು.

ಸುಡೊಕು ಬೆಳೆದದ್ದೂ ಕರಾರುಗಳಿಂದಲೇ. 1979ರಲ್ಲಿ ಅಮೆರಿಕದ ಒಂದು ಒಗಟಿನ ಪತ್ರಿಕೆಯಲ್ಲಿ ಅದು ಮೊದಲು ಬಂತು. ಕಟ್ಟಿದವರು ಹೋವರ್ಡ್ ಗಾರ್ನ್ಸ್ ಎಂಬ ನಿವೃತ್ತ ವಾಸ್ತುಶಿಲ್ಪಿ ಎಂದು ಒಗಟಿನ ಲೋಕ ನಂಬಿದೆ. 1984ರಲ್ಲಿ ಜಪಾನಿನ ನಿಕೋಲಿ ಸಂಸ್ಥೆ ಅದನ್ನು ಕೈಗೆತ್ತಿಕೊಂಡಿತು, ಮುಂದೆ ಎರಡು ಕಟ್ಟುಪಾಡು ಸೇರಿಸಿತು: ಮೊದಲೇ ಕೊಡುವ ಅಂಕಿಗಳ ಸಂಖ್ಯೆ 32ನ್ನು ಮೀರಬಾರದು, ಅವು ಚೌಕದಲ್ಲಿ ಸಮಮಿತಿಯಿಂದ ಕೂರಬೇಕು. 2004ರ ನವೆಂಬರ್‌ನಲ್ಲಿ ಲಂಡನ್ನಿನ ‘ದ ಟೈಮ್ಸ್’ ಪ್ರಕಟಿಸಿದ ಮೇಲೆ ಅದು ಊರೂರಿಗೆ ಹಬ್ಬಿತು. 2017ರಲ್ಲಿ ವಿಶ್ವ ಸುಡೊಕು ಚಾಂಪಿಯನ್‌ಶಿಪ್ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ಅಂಥ ಸ್ಪರ್ಧೆಗಳಲ್ಲಿ ಬರುವ ಒಗಟುಗಳಲ್ಲಿ ಬಹಳಷ್ಟು ಹೊಸ ಕರಾರಿನವೇ.

ದೊಡ್ಡ ಚೌಕ ಬೇಡವೆಂದು ನಾವು ನಾಲ್ಕು ಅಡ್ಡಸಾಲು, ನಾಲ್ಕು ಕಂಬಸಾಲಿನ ಹದಿನಾರು ಮನೆ ಗೀಚಿದೆವು. ಪ್ರತಿ ಸಾಲಿನಲ್ಲೂ, ನಾಲ್ಕು ಮನೆಗಳ ಪ್ರತಿ ಪುಟ್ಟ ಚೌಕದಲ್ಲೂ 1ರಿಂದ 4 ಒಮ್ಮೊಮ್ಮೆ ಬರಬೇಕು. ಅಂಕಿ ಬರೆಯಲಾರದ ಚಿಕ್ಕವರಿಗೆ ಬಿಳಿಜೋಳ, ತೊಗರಿ, ಕಡಲೆ, ಗೋಧಿ ಕಾಳು ಕೊಟ್ಟೆ. ಸುಡೊಕುವಿನಲ್ಲಿ ಕೂಡಿ ಕಳೆಯುವ ಲೆಕ್ಕವಿಲ್ಲ, ಇರುವುದು ಜಾಗದ ತರ್ಕ ಎಂದು ಆ ಕಾಳುಗಳೇ ಅವರಿಗೆ ಕಲಿಸಿದವು.

ಈ ಹದಿನಾರು ಮನೆಗಳನ್ನು 288 ಬಗೆಯಲ್ಲಿ ತುಂಬಬಹುದು. ಮೇಲಿನ ಸಾಲು 1, 2, 3, 4 ಎಂದು ಕೊಟ್ಟುಬಿಟ್ಟರೂ 12 ಉತ್ತರ ಉಳಿಯುತ್ತವೆ. ಒಳ್ಳೆಯ ಒಗಟಿಗೆ ಉತ್ತರ ಒಂದೇ ಇರಬೇಕು. ಹಾಗಾಗಿ ‘ಎರಡೂ ಕರ್ಣಗಳಲ್ಲೂ 1ರಿಂದ 4 ಬರಲಿ’ ಎಂಬ ಕರಾರು ಹಾಕಿದೆವು. 288 ಇಳಿದು 48 ಆಯಿತು, 12 ಇದ್ದದ್ದು ಎರಡಕ್ಕೆ ಬಂತು.

ಹುರುಪಿನಲ್ಲಿ ನಾನೊಂದು ಕರಾರು ಹೇಳಿದೆ: ‘ಪಕ್ಕಪಕ್ಕದ ಮನೆಯಲ್ಲಿ, ಮೇಲೆ ಕೆಳಗಿನ ಮನೆಯಲ್ಲಿ ಒಂದರ ಹಿಂದೊಂದು ಬರುವ ಅಂಕಿ ಬೇಡ, 2ರ ಪಕ್ಕ 1 ಅಥವಾ 3 ಕೂರಬಾರದು.’ ಹುಡುಗರು ಎರಡು ಸಂಜೆ ಅಳಿಸಿ ಅಳಿಸಿ ಬರೆದರು, ಉತ್ತರ ಬರಲಿಲ್ಲ. ಕೊನೆಗೆ ಒಬ್ಬ ಹುಡುಗ ಹೇಳಿದ: ‘ಸರ, ಸಣ್ಣ ಚೌಕದಾಗ 2ಕ್ಕ ಎರಡು ಮಗ್ಗಲ ಅದಾವ್ರಿ. ಕೂಡಾಂವ 4 ಒಬ್ಬನ ಅದಾನ.’ ಅವನ ಮಾತು ಸರಿ. ಹದಿನಾರು ಮನೆಯಲ್ಲಿ ಆ ಕರಾರಿಗೆ ಉತ್ತರವೇ ಇಲ್ಲ. ಪರೀಕ್ಷಿಸದೆ ಮಕ್ಕಳ ಕೈಗೆ ಕೊಟ್ಟ ತಪ್ಪು ನನ್ನದು. ಆದರೆ ‘ಇದು ಸಾಧ್ಯವಿಲ್ಲ, ಯಾಕೆಂದರೆ...’ ಎಂದು ಆ ಹುಡುಗ ಹೇಳಿದ್ದು ಗಣಿತದಲ್ಲಿ ಪುರಾವೆ ಎನ್ನಿಸಿಕೊಳ್ಳುವ ದೊಡ್ಡ ಮಾತು.

ಮುಂದಿನ ಕರಾರು ಚದುರಂಗದಿಂದ ಬಂತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಟಗಳನ್ನು ಆಡಿದ್ದಷ್ಟೇ ಅಲ್ಲ, ಹೊಸ ಮಣೆ, ಹೊಸ ಗಂಜೀಫಾ ಎಲೆಗಳನ್ನು ಕಲ್ಪಿಸಿದವರು. ಚದುರಂಗದ ಕುದುರೆ 64 ಮನೆಗಳಲ್ಲಿ ಒಂದನ್ನೂ ಬಿಡದೆ, ಎಲ್ಲಿಯೂ ಎರಡನೇ ಸಲ ಕಾಲಿಡದೆ ಸುತ್ತಿ ಬರುವ ದಾರಿಗಳನ್ನೂ ಹೆಣೆದರು. ಅದನ್ನು ಹೇಳಿದಾಗ ಹುಡುಗರು ಕುದುರೆಯನ್ನು ನಮ್ಮ ಹದಿನಾರು ಮನೆಗೇ ಕರೆತಂದರು: ‘ಕುದುರೆ ಒಂದು ಅಂಕಿಯಿಂದ ಹಾರಿದರ ಅದೇ ಅಂಕಿ ಮ್ಯಾಲ ಬೀಳಬಾರದು.’ ಎರಡು ಮನೆ ನೇರ, ಒಂದು ಮನೆ ಪಕ್ಕಕ್ಕೆ. ಇದು ಕುದುರೆಯ ನಡೆ.

ಮೇಲಿನ ಸಾಲು 1, 2, 3, 4 ಬರೆದು ನೋಡಿ. ಎರಡನೇ ಸಾಲಿನಲ್ಲಿ 1 ಬಲಗಡೆಯ ಪುಟ್ಟ ಚೌಕಕ್ಕೇ ಹೋಗಬೇಕು. ಅಲ್ಲಿ ಮೂರನೇ ಮನೆಗೆ ಮೇಲಿನ 1ರಿಂದ ಕುದುರೆ ಹಾರುತ್ತದೆ; ಉಳಿದದ್ದು ನಾಲ್ಕನೇ ಮನೆ. ಹೀಗೆಯೇ ಹೋದರೆ ಎರಡನೇ ಸಾಲು 4, 3, 2, 1. ಮೂರನೆಯದು 3, 4, 1, 2. ಕೊನೆಯದು 2, 1, 4, 3. ಎಲ್ಲಿಯೂ ಊಹೆ ಬೇಕಾಗಲಿಲ್ಲ. 12 ಉತ್ತರಗಳಲ್ಲಿ ಕುದುರೆ ಒಂದನ್ನೇ ಉಳಿಸಿತು. ಅಂದರೆ ಮೊದಲ ಸಾಲಿನ ಮೂರೇ ಅಂಕಿ ಕೊಟ್ಟರೂ ಸಾಕು!

ಕರಾರು ಎಂದರೆ ಕಟ್ಟಿಹಾಕುವ ಹಗ್ಗ ಎಂದು ನಾವು ತಿಳಿಯುತ್ತೇವೆ. ಒಗಟಿನಲ್ಲಿ ಅದು ದಾರಿ ತೋರುವ ಬೆರಳು. ಸಾಮಾನ್ಯ ಸುಡೊಕುವಿಗೆ ಕನಿಷ್ಠ 17 ಅಂಕಿ ಕೊಡಲೇಬೇಕು. ಡಬ್ಲಿನ್‌ನ ಗಣಿತಜ್ಞರು ಕಂಪ್ಯೂಟರ್ ನೆರವಿನಿಂದ ಇದನ್ನು ತೋರಿಸಿದ್ದು 2012ರಲ್ಲಿ. ಆದರೆ 2020ರಲ್ಲಿ ಮಿಚೆಲ್ ಲೀ ಎಂಬವರು ಕಟ್ಟಿದ ‘ಮಿರಾಕಲ್ ಸುಡೊಕು’ವಿನ 81 ಮನೆಗಳಲ್ಲಿ ಕೊಟ್ಟಿದ್ದು 1 ಮತ್ತು 2, ಎರಡೇ ಅಂಕಿ. ಉಳಿದ ಕೆಲಸವನ್ನು ಕುದುರೆಯ ಕರಾರು, ಚದುರಂಗದ ರಾಜ ಒಂದು ಹೆಜ್ಜೆಯಲ್ಲಿ ತಲುಪುವ ಮನೆಯಲ್ಲಿ ಅದೇ ಅಂಕಿ ಬೇಡವೆಂಬ ಕರಾರು, ನಮ್ಮ ಕಟ್ಟೆಯಲ್ಲಿ ಸೋತ ಅದೇ ಪಕ್ಕದ ಅಂಕಿಯ ಕರಾರು ಮಾಡಿದವು. ಹದಿನಾರು ಮನೆಯಲ್ಲಿ ನಡೆಯದ ಕರಾರು ದೊಡ್ಡ ಚೌಕದಲ್ಲಿ ನಡೆಯಿತೆಂದು ತೋರಿಸಿದಾಗ ಹುಡುಗರ ಮುಖ ಅರಳಿತು.

ಈಗ ನಮ್ಮ ಕಟ್ಟೆಗೆ ಮೂರು ಮಾತಿನ ಶಿಸ್ತಿದೆ. ಕರಾರು ಒಂದೇ ವಾಕ್ಯದಲ್ಲಿ ಹೇಳುವಂತಿರಬೇಕು. ಉತ್ತರ ಒಂದೇ ಇರಬೇಕು, ಅದನ್ನು ತರ್ಕದ ದಾರಿಯಿಂದಲೇ ತಲುಪಬೇಕು. ಕಟ್ಟಿದವರು ಮೊದಲು ತಾವೇ ಬಿಡಿಸಿ, ಆಮೇಲೆ ಇನ್ನೊಬ್ಬರ ಕೈಗೆ ಕೊಡಬೇಕು.

ಮಕ್ಕಳಿಗೆ ಬಿಡಿಸುವ ಲೆಕ್ಕವನ್ನು ನಾವು ಬೇಕಾದಷ್ಟು ಕೊಡುತ್ತೇವೆ, ಕಟ್ಟುವ ಲೆಕ್ಕವನ್ನು ಕೊಡುವುದಿಲ್ಲ. ಇಂದು ರಾತ್ರಿ ಊಟವಾದ ಮೇಲೆ ಮನೆಯ ಮಕ್ಕಳೊಂದಿಗೆ ಹದಿನಾರು ಮನೆ ಗೀಚಿ. ಮೇಲಿನ ಸಾಲಿನಲ್ಲಿ 1, 2, 3, 4 ಬರೆಯಿರಿ, 1ರ ಕೆಳಗೆ 3 ಇಡಿ, ಕರ್ಣದ ಕರಾರು ಹಾಕಿ. ಕೊನೆಯ ಸಾಲಿನಲ್ಲಿ 2, 1, 4, 3 ಬಂದರೆ ನಿಮ್ಮ ಉತ್ತರ ಸರಿ. ಆಮೇಲೆ ಮಕ್ಕಳನ್ನು ಕೇಳಿ: ‘ಈಗ ನಿಮ್ಮ ಕರಾರು ಏನು?’