ಕ್ಯಾನ್ಸರೂ ನಮ್ಮ ದಿನಚರಿಯೂ

ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯ ಹೆಸರನ್ನು ಕೇಳದವರು ಮುಂಬಯಿಯಲ್ಲಿ ವಿರಳ. 1941ರಲ್ಲಿ ಆರಂಭವಾದ ಅಲ್ಲಿಗೆ ಕ್ಯಾನ್ಸರ್ ಪೀಡಿತರು ದೇಶದ ಮೂಲೆಮೂಲೆಗಳಿಂದ ಬರುತ್ತಾರೆ. ಚಿಕಿತ್ಸೆಯು ವೈದ್ಯರ ಕಾರ್ಯ. ರೋಗದ ಸಂಭವವನ್ನು ತಗ್ಗಿಸುವ ಕಾರ್ಯದಲ್ಲಿ ನಮಗೂ ಪಾಲುಂಟು.

ನಮ್ಮ ಶರೀರವು ಅಸಂಖ್ಯ ಜೀವಕೋಶಗಳಿಂದಾದುದು. ಹಳೆಯವು ಸಾಯುವುದೂ ಹೊಸವು ಹುಟ್ಟುವುದೂ ಒಂದು ಕಟ್ಟುಪಾಡಿನಂತೆ ನಡೆಯುತ್ತವೆ. ಕೋಶದೊಳಗಿನ ವಂಶವಾಹಿಗಳಿಗೆ ಮೇಲಿಂದ ಮೇಲೆ ಹಾನಿಯಾದರೆ ಆ ಕೋಶವು ಕಟ್ಟುಪಾಡನ್ನು ಮೀರಿ ಬೆಳೆಯತೊಡಗಬಹುದು. ಅದೇ ಕ್ಯಾನ್ಸರ್. ಇದು ಅಂಟುರೋಗವಲ್ಲ, ರೋಗಿಯ ಪಕ್ಕದಲ್ಲಿ ಕುಳಿತು ಉಣ್ಣಲು ಅಂಜಬೇಕಾಗಿಲ್ಲ.

ಇಂತಹ ಹಾನಿಗೆ ಕಾರಣವಾದವುಗಳಲ್ಲಿ ಹೊಗೆಸೊಪ್ಪು ಮೊದಲನೆಯದು. ಬೀಡಿ ಸಿಗರೇಟುಗಳ ಹೊಗೆ ಶ್ವಾಸಕೋಶವನ್ನು ಕೆಡಿಸಿದರೆ, ಜಗಿಯುವ ಹೊಗೆಸೊಪ್ಪು ಬಾಯಿಯನ್ನು ಕೆಡಿಸುತ್ತದೆ. "ಬರಿಯ ಅಡಿಕೆಯಿಂದೇನು ಕೇಡು?" ಎಂದು ಹಿರಿಯರು ಕೇಳುವುದುಂಟು. ಅಡಿಕೆಯು ನಮ್ಮ ಮಲೆನಾಡು ಕರಾವಳಿಗಳ ಬೆಳೆ. ಅನೇಕ ಮನೆಗಳ ಅನ್ನ. ಶುಭಕಾರ್ಯಗಳಲ್ಲಿ ತಾಂಬೂಲವಿಲ್ಲದೆ ಮರ್ಯಾದೆಯಿಲ್ಲ. ಆದರೂ ಸತ್ಯವನ್ನು ಮರೆಮಾಚಲಾಗದು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ನಿರ್ಣಯಿಸಿದೆ. ನಿತ್ಯವೂ ಜಗಿಯುವವರಲ್ಲಿ ಕೆನ್ನೆಯ ಒಳಪೊರೆ ಬಿಗಿದು, ಬಾಯಿ ತೆರೆಯುವುದೇ ಕಷ್ಟವಾಗುವುದುಂಟು. ಮುಂದೆ ಅಲ್ಲಿಯೇ ಕ್ಯಾನ್ಸರ್ ತಲೆದೋರಬಹುದು. ಅಂಗಡಿಯ ಸಿಹಿ ಸುಪಾರಿಯೂ ಅಡಿಕೆಯೇ ಎಂಬುದನ್ನು ನಾವು ಮರೆಯಬಾರದು. ಹಿರಿಯರಿತ್ತ ತಾಂಬೂಲವನ್ನು ಕಣ್ಣಿಗೊತ್ತಿಕೊಳ್ಳೋಣ. ಬಾಯಿಗೆ ಹಾಕುವುದು ಬೇಡ.

ಮದ್ಯವೂ ಅತಿಯಾದ ಬೊಜ್ಜೂ ಕೆಲವು ಬಗೆಯ ಕ್ಯಾನ್ಸರಿನ ಸಂಭವವನ್ನು ಹೆಚ್ಚಿಸುತ್ತವೆ. ಜೋಳದ ರೊಟ್ಟಿ, ಕಾಳು, ಸೊಪ್ಪು ತರಕಾರಿಗಳಲ್ಲಿರುವ ನಾರು ಕರುಳಿಗೆ ಹಿತಕರ. ನಗರದ ಕಿರುಮನೆಗಳಲ್ಲಿ ಅಂಗಳವಿಲ್ಲವೆಂದು ಕುಳಿತಿರದೆ ಮೈದಾನದಲ್ಲಿ ಆಡೋಣ. ಲಿಫ್ಟನ್ನು ಬಿಟ್ಟು ಮೆಟ್ಟಿಲೇರೋಣ. ಗರ್ಭಕೊರಳಿನ ಕ್ಯಾನ್ಸರನ್ನು ತಡೆಯಲು 9ರಿಂದ 14 ವರ್ಷದ ಬಾಲಕಿಯರಿಗೆ ಲಸಿಕೆ ಹಾಕಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಮಾಡಿದೆ.

ಇಷ್ಟನ್ನೂ ಪಾಲಿಸಿದವರಿಗೂ ರೋಗ ಬರುವುದುಂಟು. ಅದು ಅವರ ತಪ್ಪಲ್ಲ. ಬಾಯಿಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ ಮೂಡಿದರೆ, ಹುಣ್ಣು ಎರಡು ವಾರವಾದರೂ ಮಾಯದಿದ್ದರೆ, ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಮನೆಯಲ್ಲಿ ತಂದೆಯವರೋ ಅಜ್ಜಿಯವರೋ ಹೊಗೆಸೊಪ್ಪು ಹಾಕುತ್ತಿದ್ದರೆ ಅವರನ್ನು ಹಳಿಯದೆ, ಬಳಿಯಲ್ಲಿ ಕುಳಿತು ವಿನಯದಿಂದ ತಿಳಿಸೋಣ. ಎಷ್ಟು ವರ್ಷಗಳ ಚಟವಾದರೂ ಬಿಟ್ಟರೆ ಲಾಭವುಂಟು. ದೊಡ್ಡವರ ಮಾತಿಗೆ ಬಗ್ಗದವರೂ ಮಕ್ಕಳ ಮಾತಿಗೆ ಮನಸ್ಸು ಕರಗುವುದಿಲ್ಲವೆ?