ತೋಟದ ಬೀಟೆಯಿಂದ ಗಿಟಾರಿನವರೆಗೆ

ಮಲೆನಾಡು ಮತ್ತು ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿಗೆ ಉಳಿಸಿಕೊಂಡಿರುವ ಕಾಡುಮರಗಳ ಪೈಕಿ ಬೀಟೆಗೆ ಬೇರೆಯೇ ಸ್ಥಾನವಿದೆ. ಹಳೆಯ ಮನೆಗಳ ಬಾಗಿಲು, ಮಂಚ, ಪೆಟ್ಟಿಗೆಗಳಲ್ಲಿ ಅದನ್ನು ನೋಡುತ್ತ ಬೆಳೆದ ನಮ್ಮ ಸದಸ್ಯರಿಗೆ ಅದರ ಗುಣವನ್ನು ಹೇಳಬೇಕಾಗಿಲ್ಲ. ಮೈಸೂರಿನ ಬೀಟೆ ಇನ್‌ಲೇ ಕೆಲಸವೂ ಎಲ್ಲರಿಗೂ ತಿಳಿದದ್ದೇ. ಆದರೆ ಇದೇ ಮರ ಅಮೆರಿಕ, ಯುರೋಪುಗಳಲ್ಲಿ ಕೈಕೆಲಸದ ಗಿಟಾರುಗಳ ಬೆನ್ನು ಹಲಗೆಯಾಗಿ ಅರ್ಧ ಶತಮಾನಕ್ಕೂ ಮೀರಿ ಸಲ್ಲುತ್ತಿದೆ ಎಂಬುದು ಹಲವರಿಗೆ ಹೊಸ ಸಂಗತಿಯಾಗಬಹುದು. ಈ ವ್ಯಾಪಾರದ ಸ್ವರೂಪವೇನು, ಬೆಳೆಗಾರನಿಗೆ ಅದರಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ಕೊಡಲಾಗಿದೆ.

ಬ್ರೆಜಿಲ್ ಬಾಗಿಲು ಮುಚ್ಚಿದಾಗ

ಮೊದಲು ಒಳ್ಳೆಯ ಗಿಟಾರುಗಳಿಗೆ ಬಳಸುತ್ತಿದ್ದುದು ಬ್ರೆಜಿಲ್ ದೇಶದ ಬೀಟೆಯನ್ನು. ಅದು ನಮ್ಮ ಬೀಟೆಯ ದಾಯಾದಿ. ಎರಡೂ ಡಾಲ್ಬರ್ಜಿಯಾ ಕುಲಕ್ಕೆ ಸೇರಿದವು. 1960ರ ದಶಕದ ಕೊನೆಗೆ ಬ್ರೆಜಿಲ್ ಸರ್ಕಾರ ದಿಮ್ಮಿಗಳ ರಫ್ತಿಗೆ ತಡೆ ಹಾಕಿತು. ಅಮೆರಿಕದ ಹಳೆಯ ಗಿಟಾರ್ ತಯಾರಕರಾದ ಮಾರ್ಟಿನ್ ಕಂಪನಿಯವರು 1969ರ ಕೊನೆಯ ಹೊತ್ತಿಗೆ ದಕ್ಷಿಣ ಭಾರತದ ಬೀಟೆಗೆ ಬದಲಾಯಿಸಿಕೊಂಡರು. ಇತರರೂ ಅದೇ ದಾರಿ ಹಿಡಿದರು. 1992ರಲ್ಲಿ ಬ್ರೆಜಿಲ್ ಬೀಟೆಯನ್ನು ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಮೊದಲನೆಯ ಪಟ್ಟಿಗೆ ಸೇರಿಸಿದ ಮೇಲಂತೂ ಅದರ ವ್ಯಾಪಾರ ಹೆಚ್ಚುಕಡಿಮೆ ನಿಂತೇಹೋಯಿತು. ಒಂದು ದೇಶದ ಕಾಡು ಬರಿದಾಗುತ್ತ ಬಂದಾಗ ಇನ್ನೊಂದು ದೇಶದ ಕಾಡಿನ ಮೇಲೆ ಕಣ್ಣು ಬಿದ್ದ ಕಥೆ ಇದು. ಆದ್ದರಿಂದಲೇ ನಾವು ಎಚ್ಚರವಾಗಿರಬೇಕು.

ಗಿಟಾರಿಗೆ ಎಂಥ ಮರ ಬೇಕು?

ಗಿಟಾರಿನ ಮುಂಭಾಗಕ್ಕೆ ಸ್ಪ್ರೂಸ್, ಸೀಡರ್‌ನಂತಹ ಶೀತದೇಶದ ಹಗುರ ಮರಗಳನ್ನು ಹಾಕುತ್ತಾರೆ. ಬೆನ್ನಿಗೆ ಮತ್ತು ಪಕ್ಕಗಳಿಗೆ ಭಾರವಾದ, ಬಿಗಿಯಾದ ಮರ ಬೇಕು. ಬೀಟೆಯ ಒಣ ಹಲಗೆಯನ್ನು ಬೆರಳಿನಿಂದ ತಟ್ಟಿದರೆ ನಾದ ಬೇಗ ಅಡಗುವುದಿಲ್ಲ. ಇದೇ ಅದರ ಹೆಗ್ಗಳಿಕೆ.

ಬೆನ್ನನ್ನು ಎರಡು ತುಂಡುಗಳಿಂದ ಮಾಡುತ್ತಾರೆ. ಒಂದೇ ಹಲಗೆಯನ್ನು ದಪ್ಪದಲ್ಲಿ ಎರಡಾಗಿ ಸೀಳಿ, ಪುಸ್ತಕ ಬಿಡಿಸಿದಂತೆ ತೆರೆದು ಅಂಟಿಸಿದಾಗ ಎಡಬಲದ ಗೆರೆಗಳು ಒಂದಕ್ಕೊಂದು ಹೊಂದುತ್ತವೆ. ದೊಡ್ಡ ಗಿಟಾರಿನ ಒಂದೊಂದು ತುಂಡಿಗೂ ಸುಮಾರು 8 ಅಂಗುಲ ಅಗಲ ಬೇಕು. ಅದೂ ತಿರುಳಿನಿಂದ ತೊಗಟೆಯ ಕಡೆಗೆ ನೇರವಾಗಿ ಕೊಯ್ದ ಹಲಗೆಯಾಗಿರಬೇಕು. ಹಾಗಿದ್ದರೆ ಮಾತ್ರ ಹವೆಯ ಏರಿಳಿತಕ್ಕೆ ಅದು ಡೊಂಕಾಗುವುದು ಕಡಿಮೆ. ನಡುವಿನ ತಿರುಳನ್ನೂ ಹೊರಗಿನ ಬಿಳಿಮರವನ್ನೂ ಬಿಟ್ಟು 8 ಅಂಗುಲ ಕೆಚ್ಚು ಸಿಗಬೇಕಾದರೆ ಮರದ ಅಡ್ಡಳತೆ ಎರಡು ಅಡಿಯ ಆಸುಪಾಸಿನಲ್ಲಿರಬೇಕೆಂದು ಲೆಕ್ಕ ಹಾಕಿಕೊಳ್ಳಬಹುದು. ಕೊನೆಗೆ ಗಿಟಾರಿನಲ್ಲಿ ಉಳಿಯುವ ದಪ್ಪವಾದರೋ ಸುಮಾರು ಎರಡೂವರೆ ಮಿಲಿಮೀಟರ್ ಮಾತ್ರ! ಪಕ್ಕದ ಪಟ್ಟಿಗಳನ್ನು ನೀರು ಮುಟ್ಟಿಸಿ, ಕಾದ ಲೋಹಕ್ಕೆ ಒತ್ತಿ ಬಾಗಿಸುತ್ತಾರೆ. ಗಂಟು, ಬಿರುಕು, ಹುಳು ತೂತು, ಸುತ್ತಿದ ನಾರು ಯಾವುದಿದ್ದರೂ ಬಾಗಿಸುವಾಗಲೇ ಪಟ್ಟಿ ಸೀಳುತ್ತದೆ. ಆದ್ದರಿಂದ ಒಂದು ದಿಮ್ಮಿಯಲ್ಲಿ ಈ ಕೆಲಸಕ್ಕೆ ಒದಗುವ ಭಾಗ ಸ್ವಲ್ಪವೇ. ಉಳಿದದ್ದು ಪೀಠೋಪಕರಣಕ್ಕೆ, ಪದರ ಹಲಗೆಗೆ ಹೋಗಬೇಕು.

ಮರ ಯಾರದು?

ಬೀಟೆ ನಮ್ಮ ತೋಟದಲ್ಲಿ ಬೆಳೆದಿದ್ದರೂ ಅದು ನಮ್ಮದೇ ಎಂದು ಹೇಳುವಂತಿಲ್ಲ. ಜಮೀನು ಯಾವ ಬಗೆಯದು ಎಂಬುದರ ಮೇಲೆ ಮರದ ಹಕ್ಕು ನಿಂತಿದೆ. ಕೊಡಗಿನಲ್ಲಿ ರಿಡೀಮ್ಡ್, ಅನ್‌ರಿಡೀಮ್ಡ್ ಎಂಬ ಭೇದ ಬಹುಕಾಲದಿಂದ ಈ ಹಕ್ಕನ್ನು ನಿರ್ಧರಿಸುತ್ತ ಬಂದಿದೆ. ಅಡಿಕೆ ಬೆಳೆಗಾರರ ಸೊಪ್ಪಿನಬೆಟ್ಟಗಳಲ್ಲಿ ಸೊಪ್ಪು, ದರಗು ತರುವ ಸೌಲಭ್ಯವಿದೆಯೇ ಹೊರತು ನಾಟಾ ಮರದ ಒಡೆತನವಿಲ್ಲ. ಕಡಿಯಲು ಅರಣ್ಯ ಇಲಾಖೆಯ ಅನುಮತಿ, ಸಾಗಿಸಲು ರಹದಾರಿ ಎರಡೂ ಬೇಕು. ಬಿದ್ದ ಮರವೂ ಇದಕ್ಕೆ ಹೊರತಲ್ಲ.

ಈ ಕಟ್ಟುಪಾಡಿನ ಉದ್ದೇಶ ಒಳ್ಳೆಯದೇ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ನಮ್ಮ ಬೀಟೆಯನ್ನು ಅಪಾಯದಂಚಿನ ಮರಗಳ ಸಾಲಿನಲ್ಲಿ ಇಟ್ಟಿದೆ. ಆದರೆ ಪರಿಣಾಮ ಮಾತ್ರ ತಲೆಕೆಳಗಾಗಿರುವುದನ್ನು ನಾವೆಲ್ಲ ಕಂಡಿದ್ದೇವೆ. ಸಾಕಿದವನಿಗೆ ದಕ್ಕದ ಮರದ ಸಸಿಯನ್ನು ಕಳೆ ತೆಗೆಯುವಾಗಲೇ ಕೀಳಿಸುವವರಿದ್ದಾರೆ. ಅದರ ಜಾಗದಲ್ಲಿ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಬಂದಿದೆ. ಅದು ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಕಡಿಯಲು ತೊಡಕು ಕಡಿಮೆ. ಸಣ್ಣ ಹಿಡುವಳಿದಾರ ಹೀಗೆ ಯೋಚಿಸಿದರೆ ಅವನನ್ನು ದೂರುವಂತಿಲ್ಲ. ಬೆಳೆದ ಬೀಟೆಯ ಬೆಲೆಯಲ್ಲಿ ನ್ಯಾಯವಾದ ಪಾಲು ಬೆಳೆಗಾರನಿಗೂ ಸಿಗುವಂತಾದರೆ ಬೀಟೆ ತಾನಾಗಿಯೇ ಉಳಿದೀತು.

ಹೊರದೇಶದ ಕಾನೂನು

ಬೀಟೆಯನ್ನು ದಿಮ್ಮಿಯಾಗಿ ಭಾರತದಿಂದ ಹೊರಗೆ ಕಳುಹಿಸಲು ಅವಕಾಶವಿಲ್ಲ. ಇಲ್ಲಿಯೇ ಕೊಯ್ದು, ಗಿಟಾರಿನ ಭಾಗಗಳಾಗಿ ರೂಪಿಸಿ ಕಳುಹಿಸಬೇಕು. 2017ರ ಜನವರಿ 2ರಿಂದ ಡಾಲ್ಬರ್ಜಿಯಾ ಕುಲದ ಎಲ್ಲ ಮರಗಳೂ ಸೈಟಿಸ್ ಪಟ್ಟಿಗೆ ಸೇರಿದ್ದರಿಂದ ರಫ್ತಿಗೆ ಅದರ ಕಾಗದಪತ್ರವೂ ಬೇಕಾಯಿತು. 2019ರಲ್ಲಿ ಪೂರ್ಣಗೊಂಡ ವಾದ್ಯಗಳಿಗೆ ವಿನಾಯಿತಿ ದೊರೆತಿದೆ; ಮರಕ್ಕೆ ಇಲ್ಲ.

ಅಮೆರಿಕದಲ್ಲಿ 2008ರ ತಿದ್ದುಪಡಿಯ ನಂತರ ಲೇಸಿ ಕಾಯಿದೆಯ ಪ್ರಕಾರ ಮೂಲದೇಶದ ಕಾನೂನು ಮೀರಿ ಬಂದ ಮರವನ್ನು ಕೊಂಡವನೂ ಹೊಣೆಗಾರನಾಗುತ್ತಾನೆ. 2011ರ ಆಗಸ್ಟ್‌ನಲ್ಲಿ ಗಿಬ್ಸನ್ ಗಿಟಾರ್ ಕಾರ್ಖಾನೆಯಲ್ಲಿ ಭಾರತದಿಂದ ಬಂದ ಬೀಟೆ ಪಟ್ಟಿಗಳನ್ನು ಅಲ್ಲಿನ ಅಧಿಕಾರಿಗಳು ವಶಪಡಿಸಿಕೊಂಡಿದ್ದರು. ಮಡಗಾಸ್ಕರಿನ ಎಬೊನಿ ಮರದ ವಿಚಾರವೂ ಸೇರಿ ಎದ್ದಿದ್ದ ಈ ಪ್ರಕರಣ 2012ರಲ್ಲಿ 3 ಲಕ್ಷ ಡಾಲರ್ ದಂಡದೊಡನೆ ರಾಜಿಯಾಯಿತು. ಭಾರತದ ಮರವನ್ನು ಹಿಂದಿರುಗಿಸಲಾಯಿತು. ಅಂದಿನಿಂದ ದೊಡ್ಡ ಖರೀದಿದಾರರು ಮರ ಎಲ್ಲಿಯದು ಎಂದು ಕೇಳದೆ ಮುಟ್ಟುವುದಿಲ್ಲ. ರಾತ್ರಿ ಬಂದು ಕೈಗೆ ನಗದು ಕೊಡುವವನು ಈ ಮಾರುಕಟ್ಟೆಯವನಲ್ಲ ಎಂಬುದನ್ನು ಸದಸ್ಯರು ಮನಗಾಣಬೇಕು.

ಆಸೆಗೂ ಒಂದು ಮಿತಿ

ಗಿಟಾರಿಗೆ ಬೀಟೆಯೇ ಆಗಬೇಕೆಂಬುದೂ ನಿಜವಲ್ಲ. 2018ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಬೆನ್ನು ಮತ್ತು ಪಕ್ಕದ ಮರವೊಂದನ್ನು ಬಿಟ್ಟು ಮಿಕ್ಕೆಲ್ಲ ಒಂದೇ ತೆರನಾದ ಆರು ಗಿಟಾರುಗಳನ್ನು ಮಾಡಿಸಿ, 52 ಮಂದಿ ವಾದಕರಿಗೆ ಕಣ್ಣಿಗೆ ಕಾಣದಂತೆ ಕೊಟ್ಟು ನುಡಿಸಿ ನೋಡಿದರು. ಬ್ರೆಜಿಲ್ ಬೀಟೆ, ನಮ್ಮ ಬೀಟೆ, ಮಹಾಗನಿ, ಮೇಪಲ್, ವಾಲ್ನಟ್, ಸಪೇಲಿ ಇವುಗಳ ನಡುವೆ ವಾದಕರು ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಬೀಟೆಯ ಬೇಡಿಕೆಗೆ ನಾದದಷ್ಟೇ ಅದರ ಬಣ್ಣ, ಗೆರೆ, ಹೆಸರುಗಳೂ ಕಾರಣ ಎಂದಾಯಿತು. ಬೀಟೆ ನೆಟ್ಟು ಮಗನ ಕಾಲಕ್ಕೆ ಲಕ್ಷಾಧೀಶರಾಗಬಹುದೆಂಬ ಲೆಕ್ಕ ಬೇಡ. ಅದು ತಲೆಮಾರುಗಳ ಮರ.

ತೋಟದಲ್ಲಿ ಮಾಡಬಹುದಾದದ್ದು

ಹಾಗಾದರೆ ಏಕೆ ಉಳಿಸಬೇಕು? ಬೀಟೆಯ ನೆರಳು ಹಗುರ. ದ್ವಿದಳ ಜಾತಿಯದಾದ್ದರಿಂದ ಬೇರಿನ ಗಂಟುಗಳಲ್ಲಿ ಸಾರಜನಕ ಕೂಡಿಸುತ್ತದೆ. ಉದುರಿದ ಎಲೆ ನೆಲಕ್ಕೆ ಹೊದಿಕೆ. ಈ ಲಾಭಕ್ಕೆ ಯಾರ ಅಪ್ಪಣೆಯೂ ಬೇಡ.

ಸದಸ್ಯರು ಈ ಕೆಳಗಿನ ವಿಷಯಗಳನ್ನು ಗಮನಿಸಬಹುದು:

1. ತೋಟದಲ್ಲಿರುವ ಬೀಟೆ ಮರಗಳನ್ನು ಎಣಿಸಿ, ಎದೆಮಟ್ಟದಲ್ಲಿ ಸುತ್ತಳತೆ ತೆಗೆದು, ಜಾಗದ ಸರ್ವೆ ನಂಬರಿನೊಡನೆ ಒಂದು ಪುಸ್ತಕದಲ್ಲಿ ಬರೆದಿಡಿ.

2. ನಿಮ್ಮ ಜಮೀನಿನಲ್ಲಿ ಮರದ ಹಕ್ಕು ಹೇಗಿದೆ ಎಂಬುದನ್ನು ದಾಖಲೆ ಸಮೇತ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಕೇಳಿ ತಿಳಿಯಿರಿ. ಆಸ್ತಿ ಪಾಲಾಗುವ ಮುನ್ನ ಇದನ್ನು ಮಾಡುವುದು ಲೇಸು.

3. ಮರಗಸಿ ಮಾಡಿಸುವಾಗ ಕೊಂಬೆಯ ಮೋಟು ಉಳಿಸಬೇಡಿ. ಮೋಟು ಕೊಳೆತರೆ ಕೊಳೆ ಕಾಂಡದೊಳಕ್ಕೆ ಇಳಿಯುತ್ತದೆ. ಕಾಂಡಕ್ಕೆ ಮೊಳೆ, ಬೇಲಿ ತಂತಿ ಹೊಡೆಸಬೇಡಿ.

4. ಬೀಟೆಯ ಬೇರಿನಿಂದ ಚಿಗುರು ಏಳುವುದುಂಟು. ಕಳೆ ತೆಗೆಯುವವರಿಗೆ ತೋರಿಸಿ, ನೆಟ್ಟಗಿರುವ ಒಂದೆರಡನ್ನು ಗೂಟ ಕೊಟ್ಟು ಉಳಿಸಿ.

ಮರದ ಹಕ್ಕಿನ ವಿಚಾರ ಒಬ್ಬಿಬ್ಬರು ಅರ್ಜಿ ಹಾಕಿದರೆ ಬಗೆಹರಿಯುವಂಥದ್ದಲ್ಲ. ಪ್ರತಿಯೊಬ್ಬ ಸದಸ್ಯರೂ ಮರಗಳ ಲೆಕ್ಕ ಬರೆದಿಟ್ಟರೆ, ಸಂಘದ ಮೂಲಕ ಸರ್ಕಾರದ ಮುಂದೆ ಮಾತಾಡುವಾಗ ಕೈಯಲ್ಲಿ ಆಧಾರವಿರುತ್ತದೆ. ಈ ಮಳೆಗಾಲ ಕಳೆದು ಕೊಯ್ಲು ಶುರುವಾಗುವ ಮುನ್ನ ಆ ಕೆಲಸ ಆಗಲಿ.